ಬಂಡೆಗೆ ಕನ್ನಡ, ಫೋಟೋಗೆ ಇಂಗ್ಲಿಷೇ?

ಬಾದಾಮಿಯ ಮೂರನೇ ಗುಹೆಯನ್ನು ಕೊರೆಸಿದವರಾರು, ಯಾವಾಗ? ಅನುಮಾನವೇ ಇಲ್ಲ. 578ರಲ್ಲಿ ಚಾಲುಕ್ಯ ಮಂಗಳೇಶ ಅದನ್ನು ಗುಹೆಯಲ್ಲೇ ಬರೆಸಿಟ್ಟ. ಸುಮಾರು 700ರಲ್ಲಿ ಕಪ್ಪೆ ಅರಭಟ್ಟನ ಗುಣವನ್ನು ಅದೇ ಊರಿನ ಬಂಡೆ ಕನ್ನಡದ ತ್ರಿಪದಿಯಲ್ಲಿ ಸಾರಿತು.

ಇಂದು ಆ ಬಂಡೆಯೆದುರು ನೂರು ಫೋಟೋ ಹೊಡೆಯುವ ನಾವು ಬರೆಯುವುದೇನು? 'ಕೇವ್', 'ಟೆಂಪಲ್', 'ಸ್ಯಾರಿ'! ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆ ಬೆಸೆಯುವ ಕೊಂಡಿಯಿದೆ, ಟೋಪ ತೆನಿ ಸೆರಗಿದೆ, ಕಸೂತಿಯಿದೆ. 'ಸ್ಯಾರಿ' ಎಂಬ ಒಂದೇ ಟ್ಯಾಗಿನಲ್ಲಿ ಇವೆಲ್ಲ ಸತ್ತವು. ನಾಳೆ ನಮ್ಮ ಮಕ್ಕಳು ಈ ಹೆಸರುಗಳನ್ನು ಹುಡುಕಿದರೆ ಸಿಗುವುದು ಸೊನ್ನೆ!

ಕಂಪ್ಯೂಟರಿಗೆ ಕನ್ನಡ ಬಾರದೆಂಬ ನೆಪ ಬೇಡ. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಫೋಟೋದ ಕಡತದೊಳಗೇ ವಿವರ ಸೇರಿಸುವ ಎಕ್ಸ್‌ಎಂಪಿ ಅದನ್ನು ಒಪ್ಪುತ್ತದೆ. ಅಲ್ಲೇ ಬರೆಯಿರಿ, ಶಾಸನ ಬಂಡೆಯಲ್ಲಿ ಉಳಿದಂತೆ ಹೆಸರು ಚಿತ್ರದಲ್ಲಿ ಉಳಿಯಲಿ. ಬಾಗಲಕೋಟೆ, ಹುನಗುಂದ, ಇಳಕಲ್: ಪ್ರತಿ ಊರಿಗೂ ಒಂದೇ ಕಾಗುಣಿತ ಹಿಡಿಯಿರಿ. ಇಂದು ಇಳಕಲ್, ನಾಳೆ ಇಲಕಲ್ ಎಂದರೆ ಹುಡುಕುವಾಗ ಅರ್ಧ ಚಿತ್ರ ಕೈತಪ್ಪುತ್ತವೆ.

ಕನ್ನಡದ ತರುಣರೇ, ಅಂಗಡಿ ಬೋರ್ಡಿಗೆ ಕನ್ನಡ ಬೇಕೆಂದು ಬೀದಿಗಿಳಿದವರು ನಾವು. ನಮ್ಮದೇ ಜೇಬಿನ ಫೋಟೋಗೆ ಕನ್ನಡ ಹಾಕಲು ಯಾರ ಅಪ್ಪಣೆ ಬೇಕು? ಇಂದೇ ಶುರುವಾಗಲಿ!