ಕೆಡವುವ ಬದಲು ಬಿಚ್ಚೋಣ

ನಮ್ಮೂರಿನ ಹಳೆಯ ಹಂಚಿನ ಮನೆಯನ್ನು ಜೆಸಿಬಿ ಒಂದೇ ದಿನದಲ್ಲಿ ಕೆಡವಿತು. ಕೆತ್ತನೆಯ ಬಾಗಿಲುವಾಡವೂ ಮಣ್ಣಿನೊಂದಿಗೆ ಲಾರಿ ಸೇರಿತು. ಮಣಿಪಾಲದ ಹೆರಿಟೇಜ್ ವಿಲೇಜ್ ನೋಡಿದಾಗ ಅದೇ ನೆನಪಾಯಿತು. ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್‌ನಂಥ ಕಟ್ಟಡಗಳನ್ನು ವಿಜಯನಾಥ ಶೆಣೈ ಬಿಚ್ಚಿಸಿ ತಂದು, ಅಲ್ಲಿ ಮತ್ತೆ ಜೋಡಿಸಿದರು. ಹಳೆಯ ಕಂಬ, ತೊಲೆಗಳೇ ಅಲ್ಲಿ ಕಟ್ಟಡದ ಸಾಮಗ್ರಿ; ನೋಡಬೇಕಾದ ವಸ್ತುಗಳೂ ಅವೇ.

ಕೇಂದ್ರದ 2025ರ ಕಟ್ಟಡ ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು 20,000 ಚದರ ಮೀಟರ್ ಹಾಗೂ ಅದಕ್ಕೂ ದೊಡ್ಡ ಯೋಜನೆಗಳ ಮೇಲೆ ಹೊರಿಸಿವೆ. ಹಂಚಿನ ಮನೆ ಆ ಲೆಕ್ಕಕ್ಕೇ ಬಾರದು. ಕಾಂಕ್ರೀಟ್ ಒಡೆದರೆ ಜಲ್ಲಿಯಾದೀತು; ಕೆತ್ತನೆಯ ಕಂಬ ಮುರಿದರೆ ಬರೀ ಸೌದೆ. ತೊಲೆ, ಹಂಚು, ಬಾಗಿಲು ಬಿಚ್ಚಿಟ್ಟ ಮೇಲಷ್ಟೇ ಕೆಡವಬೇಕೆಂದು ಸ್ಥಳೀಯ ಸಂಸ್ಥೆಗಳು ಷರತ್ತು ಹಾಕಲಿ. ಹೊಸ ಮ್ಯೂಸಿಯಂಗಳು ಪ್ಲೈವುಡ್ ಬದಲು ಅವನ್ನೇ ಬಳಸಲಿ. ಎಂಜಿನಿಯರಿಂಗ್‌ನಲ್ಲಿ ನಮಗೆ ಕಟ್ಟುವುದನ್ನು ಕಲಿಸುತ್ತಾರೆ, ಬಿಚ್ಚುವುದನ್ನೂ ಕಲಿಸಬೇಕು.