ಟಿಕ್ ಇಲ್ಲದ ರೌಂಡ್ ರಾಬಿನ್

ಆಪರೇಟಿಂಗ್ ಸಿಸ್ಟಂ ಪೇಪರ್‌ನಲ್ಲಿ ರೌಂಡ್ ರಾಬಿನ್ ಲೆಕ್ಕ ಬಂತಂದ್ರೆ ಎಲ್ಲರಿಗೂ ಖುಷಿ. ಟೈಮ್ ಕ್ವಾಂಟಮ್ 4 ಅಂತ ಕೊಟ್ಟಿರ್ತಾರೆ. ಗ್ಯಾಂಟ್ ಚಾರ್ಟ್ ಎಳೆದು ಆವರೇಜ್ ವೇಟಿಂಗ್ ಟೈಮ್ ಬರೆದರೆ ಮಾರ್ಕ್ಸ್ ಗ್ಯಾರಂಟಿ. ಲ್ಯಾಬ್‌ನಲ್ಲೂ ಅದೇ ಕಥೆ: ಸಿ ಪ್ರೋಗ್ರಾಂನಲ್ಲಿ ಒಂದು ಅರೇ, ಒಂದು ಲೂಪ್, ಮುಗೀತು. ಆದರೆ ಒಂದು ಪ್ರಶ್ನೆಯನ್ನ ಯಾರೂ ಕೇಳೋದಿಲ್ಲ. ಇರೋದು ಒಂದೇ ಸಿಪಿಯು, ಅದರ ಮೇಲೆ ಒಂದು ಪ್ರೋಗ್ರಾಂ ಓಡ್ತಾ ಇದೆ. ಆ ಕ್ಷಣದಲ್ಲಿ ಕರ್ನಲ್ ಓಡ್ತಾನೇ ಇಲ್ಲ. ಹಾಗಾದ್ರೆ "ನಿನ್ನ ಪಾಳಿ ಮುಗೀತು, ಏಳು" ಅಂತ ಅದನ್ನ ಎಬ್ಬಿಸೋರು ಯಾರು?

ಎಬ್ಬಿಸೋದು ಹಾರ್ಡ್‌ವೇರ್ ಟೈಮರ್. ಗೊತ್ತಾದ ಹೊತ್ತಿಗೆ ಅದು ಇಂಟರಪ್ಟ್ ಕಳಿಸುತ್ತೆ, ಸಿಪಿಯು ಕೈಲಿದ್ದ ಕೆಲಸ ಬಿಟ್ಟು ಕರ್ನಲ್ಲಿಗೆ ಜಿಗಿಯುತ್ತೆ. ಸೆಕೆಂಡಿಗೆ 250 ಟಿಕ್ ಇಟ್ಟುಕೊಂಡ ಲಿನಕ್ಸ್‌ನಲ್ಲಿ 4 ಮಿಲಿಸೆಕೆಂಡಿಗೊಮ್ಮೆ ಹೀಗಾಗುತ್ತೆ. ನನ್ನ ವಾದ ಇಷ್ಟೇ: ಓಎಸ್ ಲ್ಯಾಬ್ ಶುರುವಾಗಬೇಕಾದ್ದು ಗ್ಯಾಂಟ್ ಚಾರ್ಟಿನಿಂದ ಅಲ್ಲ, ಬೂಟ್ ಆಗುವಾಗ ಈ ಟೈಮರ್ ಜೀವ ಪಡೆಯೋ ಜಾಗದಿಂದ.

ಅಲ್ಲಿ ಕಲಿಯೋದು ಬಹಳ ಇದೆ. ಟೈಮರ್ ಬೇಗ ಬೇಕು, ಆದರೆ ಅವಸರ ನಡೆಯೋದಿಲ್ಲ. ಇಂಟರಪ್ಟ್ ಹ್ಯಾಂಡ್ಲರ್ ಸಿದ್ಧವಾಗೋ ಮೊದಲೇ ಟಿಕ್ ಬಂದರೆ ಸಿಪಿಯು ಎಲ್ಲಿಗೋ ಜಿಗಿದು ಸಾಯುತ್ತೆ. ತಡವಾದರೆ ಇನ್ನೊಂದು ತೊಂದರೆ: "ಇಷ್ಟು ಟಿಕ್ ಆಗೋ ತನಕ ಕಾಯಿ" ಅಂತ ಬರೆದ ಡ್ರೈವರ್ ಕಾಯ್ತಾನೇ ಇರುತ್ತೆ, ಯಾಕಂದ್ರೆ ಎಣಿಕೆ ಮುಂದೆ ಹೋಗೋದೇ ಇಲ್ಲ. ಎರರ್ ಮೆಸೇಜೂ ಇಲ್ಲ, ಸ್ಕ್ರೀನ್ ಸುಮ್ಮನೆ ನಿಂತುಬಿಡುತ್ತೆ. ಅದಕ್ಕೇ ಲಿನಕ್ಸ್ ಮೊದಲು ಶೆಡ್ಯೂಲರ್, ಆಮೇಲೆ ಇಂಟರಪ್ಟ್ ವ್ಯವಸ್ಥೆ, ಆಮೇಲೆ ಟೈಮರ್ ಸಿದ್ಧ ಮಾಡಿಕೊಂಡು, ಕೊನೆಗೆ ಇಂಟರಪ್ಟ್ ಬಾಗಿಲು ತೆಗೆಯುತ್ತೆ.

ಲಿನಕ್ಸ್ ಬೂಟ್ ಲಾಗ್ ತೆಗೆದು ನೋಡಿ. ಮೊದಲ ಎಷ್ಟೋ ಸಾಲುಗಳ ಮುಂದೆ 0.000000 ಅಂತಲೇ ಇರುತ್ತೆ. ಆ ಸಾಲುಗಳೆಲ್ಲ ಒಂದೇ ಕ್ಷಣದಲ್ಲಿ ಓಡಿದವಲ್ಲ; ಆಗಿನ್ನೂ ಕರ್ನಲ್ ಹತ್ತಿರ ಗಡಿಯಾರ ಇರಲಿಲ್ಲ, ಅಷ್ಟೇ. ಪಿಸಿಯಲ್ಲಿ ಸಿಪಿಯು ಒಳಗಿನ ಕೌಂಟರಿನ ವೇಗ ಗೊತ್ತಿಲ್ಲದಿದ್ದರೆ, 1193182 ಹರ್ಟ್ಸ್‌ನಲ್ಲಿ ಓಡೋ ಹಳೇ ಟೈಮರ್ ಜೊತೆ ಹೋಲಿಸಿ ಅಳೀತಾರೆ. ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮ ಇರೋ ಗದಗಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ? ತಂಬೂರಿಗೆ ತಬಲಾ ಶ್ರುತಿ ಸೇರೋ ತನಕ ಯಾರೂ ಹಾಡು ಎತ್ತೋದಿಲ್ಲ.

"ಕರ್ನಲ್ ಬರಿಯೋ ಕೆಲಸ ನಮಗೆಲ್ಲಿ ಸಿಗ್ತದೋ ಮಾರಾಯ? ವೆಬ್ ಕಲಿತರ ಪ್ಲೇಸ್‌ಮೆಂಟ್ ಆಗ್ತದ" ಅನ್ನೋರಿದ್ದಾರೆ. ಮಾತು ಸುಳ್ಳಲ್ಲ, ಮನೆಯವರು ಕಾಯೋದು ಆಫರ್ ಲೆಟರ್‌ಗೇ. ಆದರೆ ನಮ್ಮ ಪ್ರಾಜೆಕ್ಟ್‌ಗಳನ್ನೇ ನೋಡಿ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹೊಲಗಳಲ್ಲಿ ತ್ರೀಫೇಸ್ ಬರೋದು ಪಾಳಿ ಮೇಲೆ. ಕರೆಂಟ್ ಬಂದ ಕೂಡಲೇ ಎಲ್ಲ ಮೋಟರೂ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ಮೇಲೆ ಭಾರ. ಅದಕ್ಕೆ ಸ್ಟಾರ್ಟರ್ ಸ್ವಲ್ಪ ಹೊತ್ತು ಕಾದು ಮೋಟರ್ ಎಬ್ಬಿಸಬೇಕು. ಕರೆಂಟ್ ಹೋಗಿ ಬಂದಾಗಲೆಲ್ಲ ಆ ಬೋರ್ಡ್ ಹೊಸದಾಗಿ ಬೂಟ್ ಆಗುತ್ತೆ, ಪ್ರತಿ ಸಲವೂ ಟೈಮರ್ ಸರಿಯಾಗಿಯೇ ಏಳಬೇಕು.

ನಾವು ಆರ್ಡುಯಿನೊ ಉನೊದಲ್ಲಿ 'ಡಿಲೇ' ಅಂತ ಒಂದು ಸಾಲು ಬರೆದು ಕೈ ತೊಳ್ಕೋತೀವಿ. ಅದು ನಡೆಯೋದು ಹೇಗೆ? ನಮ್ಮ 'ಸೆಟಪ್' ಫಂಕ್ಷನ್‌ಗಿಂತ ಮೊದಲೇ ಅದರ ಲೈಬ್ರರಿ ಟೈಮರ್ 0 ಅನ್ನು ಶುರು ಮಾಡಿರುತ್ತೆ: 16 ಮೆಗಾಹರ್ಟ್ಸ್ ಗಡಿಯಾರವನ್ನ 64ರಿಂದ ಭಾಗಿಸಿ. 5 ಮತ್ತು 6ನೇ ಪಿನ್ನಿನ ಪಿಡಬ್ಲ್ಯುಎಂ ವೇಗ ಹೆಚ್ಚಿಸೋಕೆ ಇಂಟರ್‌ನೆಟ್‌ನಿಂದ ಒಂದು ಸಾಲು ತಂದು ಆ 64ನ್ನ 8 ಮಾಡಿದಿರಿ ಅನ್ನಿ. 40 ಸೆಕೆಂಡಿನ ಡಿಲೇ 5 ಸೆಕೆಂಡಿಗೇ ಮುಗಿಯುತ್ತೆ. ಕೋಡ್ ಕಂಪೈಲ್ ಆಗುತ್ತೆ, ಎಕ್ಸಿಬಿಷನ್‌ನಲ್ಲಿ ಎಲ್‌ಇಡಿಯೂ ಮಿನುಗುತ್ತೆ. ಹೊಲದಲ್ಲಿ ಕಾಯಿಲ್ ಸುಟ್ಟರೆ ಖರ್ಚು ರೈತನದು.

ಹಾಗಾಗಿ ಬೇಡಿಕೆ ದೊಡ್ಡದಲ್ಲ, ಒಂದೇ ವಾರದ ಲ್ಯಾಬ್. ಎಂಐಟಿಯವರ ಎಕ್ಸ್‌ವಿ6 ಪುಕ್ಕಟೆ ಸಿಗುತ್ತೆ, ಹತ್ತು ಸಾವಿರ ಸಾಲಿಗಿಂತ ಸಣ್ಣದು, ಕ್ಯುಇಎಂಯುನಲ್ಲಿ ಓಡುತ್ತೆ, ಬೋರ್ಡ್ ಕೊಳ್ಳೋದು ಬೇಡ. ಅದರ ರಿಸ್ಕ್-ಫೈವ್ ಆವೃತ್ತಿಯಲ್ಲಿ 'ಮೇನ್' ಶುರುವಾಗೋ ಮೊದಲೇ 'ಟೈಮರ್‌ಇನಿಟ್' ಅನ್ನೋ ಫಂಕ್ಷನ್ ಕರೀತಾರೆ. ಆ ಒಂದು ಕರೆಯನ್ನ ಕಾಮೆಂಟ್ ಮಾಡಿ. ಒಂದೇ ಸಿಪಿಯು ಕೊಟ್ಟು, ಕೊನೆಯಿಲ್ಲದ ಲೂಪ್ ಇರೋ ಪ್ರೋಗ್ರಾಂ ಒಂದನ್ನ ಬ್ಯಾಕ್‌ಗ್ರೌಂಡ್‌ನಲ್ಲಿ ಬಿಡಿ. ಅದು ಸಿಪಿಯು ಹಿಡಿದ ಮೇಲೆ ನೀವು ಏನು ಟೈಪ್ ಮಾಡಿದರೂ ಶೆಲ್ ಉತ್ತರ ಕೊಡೋದಿಲ್ಲ. ಸಾಲು ವಾಪಸ್ ಹಾಕಿ, ಮತ್ತೆ ಓಡಿಸಿ: ಶೆಲ್ ಮಾತಾಡುತ್ತೆ.

ರೌಂಡ್ ರಾಬಿನ್ ಅಂದ್ರೆ ಏನು ಅನ್ನೋದು ಆ ಹತ್ತು ನಿಮಿಷದಲ್ಲಿ ತಿಳಿದಷ್ಟು ಗ್ಯಾಂಟ್ ಚಾರ್ಟ್‌ನಲ್ಲಿ ತಿಳಿಯೋದಿಲ್ಲ. ಸಿಲಬಸ್ ಬದಲಾಗೋ ತನಕ ಕಾಯೋದೂ ಬೇಕಿಲ್ಲ. ಶನಿವಾರ ಮಧ್ಯಾಹ್ನ ಲ್ಯಾಬ್ ಬೀಗ ತೆಗೆಸೋಕೆ ಒಬ್ಬ ಮೇಷ್ಟ್ರು ಒಪ್ಪಿದರೆ ಸಾಕು, ಕನ್ನಡದಲ್ಲಿ ನೋಟ್ಸ್ ಬರೆಯೋಕೆ ನಮ್ಮ ಸಂಘ ಇದ್ದೇ ಇದೆ.