ಯಂತ್ರಮಾನವನೂ ನಮ್ಮ ಎರೆಯ ಹೊಲವೂ

೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಅದರ ಒಡಲಿನಿಂದ ಹೊರಬಂದ ‘ಪ್ರಜ್ಞಾನ್’ ಎಂಬ ೨೬ ಕಿಲೋ ತೂಕದ ಪುಟ್ಟ ಬಂಡಿ, ಕೆಲವೇ ದಿನಗಳಲ್ಲಿ ಅಲ್ಲಿಯ ನೆಲದಲ್ಲಿ ಗಂಧಕವಿದೆಯೆಂದು ತಿಳಿಸಿತು. ಅಷ್ಟು ದೂರದ ಮಣ್ಣಿನ ಗುಣವನ್ನು ಯಂತ್ರವು ಹೇಳಬಲ್ಲುದಾದರೆ, ಮುಂಡರಗಿಯ ಶೇಂಗಾದ ಹೊಲದ ಮಣ್ಣನ್ನು ಅದು ಏಕೆ ಪರೀಕ್ಷಿಸಬಾರದು? ಈ ಪ್ರಶ್ನೆ ಈಚೆಗೆ ಅಲ್ಲಲ್ಲಿ ಕೇಳಿಬರುತ್ತಿರುವುದು ಸಹಜವೇ ಆಗಿದೆ.

ಆದರೆ ಚಂದ್ರನಲ್ಲಿ ಕೇಳಿದ್ದು ಗಂಧಕ ಇದೆಯೋ ಇಲ್ಲವೋ ಎಂದು. ಹೊಲದಲ್ಲಿ ಕೇಳಬೇಕಾದುದು, ಇದ್ದುದರಲ್ಲಿ ಬೇರಿಗೆ ದಕ್ಕುವುದೆಷ್ಟು ಎಂದು. ಇದನ್ನು ತಿಳಿಯಲು ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ದ್ರಾವಣದಲ್ಲಿ ಕಲಕಿ ನೋಡಬೇಕು. ಅದು ಪ್ರಯೋಗಶಾಲೆಯ ಕೆಲಸ. ಹೊಲದಲ್ಲಿ ಓಡಾಡುವ ಯಂತ್ರವು ಇಂದು ಚೆನ್ನಾಗಿ ಅಳೆಯಬಲ್ಲುದು ಮಣ್ಣಿನ ತೇವ, ಕಾವು, ಗಟ್ಟಿತನ, ವಿದ್ಯುದ್ವಾಹಕತೆ ಇಂಥವನ್ನು. ಅಮೆರಿಕದಲ್ಲಿ ರೋಗೋ ಎಂಬ ಕಂಪನಿಯ ಯಂತ್ರ ತಾನೇ ಹೊಲ ಸುತ್ತಿ, ಗೊತ್ತಾದ ಆಳಕ್ಕೆ ಕೊರೆದು ಮಣ್ಣು ತೆಗೆಯುತ್ತದೆ. ಪರೀಕ್ಷೆ ಮಾತ್ರ ಪ್ರಯೋಗಶಾಲೆಯಲ್ಲೇ. ಯಂತ್ರಮಾನವನನ್ನು ವೈದ್ಯನೆನ್ನುವುದಕ್ಕಿಂತ ರಕ್ತ ತೆಗೆಯುವ ಕಂಪೌಂಡರನೆನ್ನುವುದೇ ಸರಿ.

ಆ ಕಂಪೌಂಡರನ ಕೆಲಸವೂ ಅಲ್ಪವಲ್ಲ. ೨೦೧೫ರ ಫೆಬ್ರವರಿ ೧೯ರಂದು ರಾಜಸ್ಥಾನದ ಸೂರತಗಢದಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆ ಆರಂಭವಾಯಿತು. ರೈತನಿಗೆ ೧೨ ಅಂಶಗಳ ಲೆಕ್ಕ ಕೊಡುವ ಈ ಯೋಜನೆಯು ಮೊದಲಿಗೆ ಹಾಕಿಕೊಂಡ ನಿಯಮ, ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ, ಒಣಬೇಸಾಯದಲ್ಲಿ ೧೦ ಹೆಕ್ಟೇರಿಗೆ ಒಂದು ಮಾದರಿ ಎಂಬುದು. ೧೦ ಹೆಕ್ಟೇರೆಂದರೆ ಸುಮಾರು ೨೫ ಎಕರೆ. ಗದಗ-ಬೆಟಗೇರಿಯ ಸುತ್ತಣ ಕರಿಯ ಎರೆಯಲ್ಲಿ ಇದು ಹೇಗೋ ನಡೆದೀತು. ಶಿರಹಟ್ಟಿಯ ಕಡೆ, ಕಪ್ಪತಗುಡ್ಡದ ತಪ್ಪಲಿಗೆ ಬಂದರೆ ದಿನ್ನೆಯ ಮೇಲೆ ಗರಸು, ಇಳಿಜಾರಿನಲ್ಲಿ ಮಸಾರಿ, ತಗ್ಗಿನಲ್ಲಿ ಎರೆ. ಅಷ್ಟು ನೆಲದಲ್ಲಿ ಹಲವು ಒಕ್ಕಲಿಗರ ಹೊಲಗಳಿರುತ್ತವೆ. ಯಾರದೋ ಹೊಲದ ಮಣ್ಣು ಯಾರದೋ ಚೀಟಿಗೆ! ಮೇಲಾಗಿ ಮಣ್ಣು ತೆಗೆಯುವವನು ಬಿಸಿಲಿಗೆ ಬೇಸತ್ತು ಬದುವಿನ ಮಗ್ಗುಲಲ್ಲೋ ತಿಪ್ಪೆ ಸುರಿದ ಜಾಗದಲ್ಲೋ ಗುಣಿ ತೋಡಿದರೆ ಇಡೀ ಲೆಕ್ಕವೇ ಸುಳ್ಳಾಗುತ್ತದೆ. ಯಂತ್ರಕ್ಕೆ ಬೇಸರವಿಲ್ಲ, ಎಕರೆಗೊಂದು ಗುಣಿ ತೆಗೆಯೆಂದರೂ ತೆಗೆದೀತು. ಆದರೆ ಶ್ರಾವಣದ ಜಿಟಿಜಿಟಿಯಲ್ಲಿ ನಮ್ಮ ಎರೆಗಿಳಿದ ಚಕ್ಕಡಿಯೇ ಅಚ್ಚಿನವರೆಗೆ ಹೂತುಕೊಳ್ಳುವುದನ್ನು ಅದನ್ನು ಕಟ್ಟಿದವರು ಒಮ್ಮೆ ಬಂದು ನೋಡುವುದು ಒಳ್ಳೆಯದು.

ಇನ್ನು, ತಿಳಿದದ್ದನ್ನಾದರೂ ನಾವು ಆಚರಣೆಗೆ ತಂದಿದ್ದೇವೆಯೆ? ೨೦೦೯ರಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ರಾಜ್ಯವು ಕೈಗೊಂಡ ಭೂಚೇತನ ಕಾರ್ಯಕ್ರಮವು, ಒಣಬೇಸಾಯದ ಬಹುಪಾಲು ಹೊಲಗಳಲ್ಲಿ ಗಂಧಕ, ಸತು, ಬೋರಾನುಗಳ ಕೊರತೆಯಿದೆಯೆಂದು ತೋರಿಸಿಕೊಟ್ಟಿತು. ಕಾರಣವೂ ಗೂಢವಾದುದೇನಲ್ಲ. ಹಿಂದೆ ಬಳಸುತ್ತಿದ್ದ ಸೂಪರ್ ಫಾಸ್ಫೇಟಿನಲ್ಲಿ ನೂರಕ್ಕೆ ಹನ್ನೊಂದರಷ್ಟು ಗಂಧಕ ತಾನಾಗಿಯೇ ಹೊಲಕ್ಕೆ ಬೀಳುತ್ತಿತ್ತು. ಅದರ ಸ್ಥಾನಕ್ಕೆ ಬಂದ ಡಿ.ಎ.ಪಿ.ಯಲ್ಲಿ ಸಾರಜನಕ ೧೮, ರಂಜಕ ೪೬, ಗಂಧಕ ಸೊನ್ನೆ. ಶೇಂಗಾಕ್ಕೆ ಗಂಧಕವಿಲ್ಲದೆ ಎಣ್ಣೆ ಕಟ್ಟದು. ಜಿಪ್ಸಮ್ ಹಾಕಿರೆಂದು ಹೇಳುತ್ತ ಬಂದಿರುವುದೂ ಹೊಸದಲ್ಲ.

ಚೀಟಿಯನ್ನು ಓದಿ ಹೇಳಲು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ. ಆದರೆ ಮುಂಗಾರಿ ಹದ ಬಂದ ದಿನ ರೈತನು ನಿಂತಿರುವುದು ಗೊಬ್ಬರದ ಅಂಗಡಿಯ ಮುಂದೆ. ಅಂದು ಅಲ್ಲಿ ಸಿಕ್ಕಿದ್ದೇ ಔಷಧಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳೆಂದು ಎಣಿಸಿದ ಸೀಮೆಯಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಯ ರೈತನಿಗೂ ಪಿ.ಎಚ್., ಇ.ಸಿ. ಎಂಬ ಅಕ್ಷರಗಳಲ್ಲಿ ಅವನ ಹೊಲದ ವಿಷಯ ಹೇಳುತ್ತೇವೆ. ಅವನಿಗೆ ಗೊತ್ತಿರುವ ಎರೆ, ಮಸಾರಿ, ಗರಸುಗಳಿಗೆ ಆ ೧೨ ಅಂಕಿಗಳಲ್ಲಿ ಎಡೆಯಿಲ್ಲ. ಹೀಗಿರಲು ಯಂತ್ರವು ಇನ್ನಷ್ಟು ಅಂಕಿಗಳನ್ನು ತಂದು ಸುರಿದರೆ ಫಲವೇನು?

ಹಾಗಾದರೆ ಯಂತ್ರಕ್ಕೆ ನಮ್ಮಲ್ಲಿ ಕೆಲಸವೇ ಇಲ್ಲವೆ? ಒಂದು ಕಡೆ ಅವಶ್ಯವಾಗಿ ಇದೆ. ಮುಂಡರಗಿ ತಾಲೂಕಿನ ಹಮ್ಮಿಗಿಯ ಬಳಿ ತುಂಗಭದ್ರೆಗೆ ಅಡ್ಡಗಟ್ಟಿ, ಸಿಂಗಟಾಲೂರು ಯೋಜನೆಯಿಂದ ನೀರೆತ್ತಿ ಒಣಭೂಮಿಗೆ ಹರಿಸುವ ಏರ್ಪಾಟಾಗಿದೆ. ನೀರು ಬಂದದ್ದು ಭಾಗ್ಯವೇ ಸರಿ. ಆದರೆ ಎರೆಯಲ್ಲಿ ನೀರು ಬೇಗ ಬಸಿಯದು. ಅತಿಯಾದರೆ ತಳದ ಉಪ್ಪು ಮೇಲೇರಿ ಹೊಲ ಬೆಳ್ಳಗಾಗುತ್ತದೆ. ಮಲಪ್ರಭೆಯ ಕಾಲುವೆಯ ನೆಲದಲ್ಲಿ ಈ ಸವಳು-ಜವಳು ಎಷ್ಟು ಹೊಲಗಳನ್ನು ತಿಂದಿತೆಂಬುದನ್ನು ನರಗುಂದದ ಕಡೆಯವರಿಗೆ ಹೇಳಬೇಕಾಗಿಲ್ಲ. ಉಪ್ಪು ಕಣ್ಣಿಗೆ ಕಾಣುವ ಹೊತ್ತಿಗೆ ವೇಳೆ ಮೀರಿರುತ್ತದೆ. ಕಾಣುವುದಕ್ಕೆ ಮುಂಚೆ ಅದನ್ನು ಗುರುತಿಸುವ ಗುರುತೇ ವಿದ್ಯುದ್ವಾಹಕತೆ; ಯಂತ್ರಕ್ಕೆ ಚೆನ್ನಾಗಿ ಬರುವ ವಿದ್ಯೆಯೂ ಅದೇ. ಬೇಸಿಗೆಯ ಕೊನೆಗೊಮ್ಮೆ, ಹಿಂಗಾರಿ ಬಿತ್ತನೆಗೆ ಮುನ್ನ ಎರೆ ಆರಿದಾಗೊಮ್ಮೆ ಕಾಲುವೆಯ ಇಕ್ಕೆಲಗಳಲ್ಲಿ ಅದನ್ನು ಓಡಿಸಿದರೆ ಸಾಕು.

ಒಬ್ಬೊಬ್ಬ ರೈತನು ಕೊಳ್ಳುವ ಸರಕು ಇದಲ್ಲ. ಗೊಬ್ಬರ ಮಾರುವವರ ಕೈಗೆ ಹೋದರೆ, ಹೊಲದ ಗುಟ್ಟನ್ನು ರೈತನಿಗಿಂತ ಮೊದಲು ಅಂಗಡಿಯವನು ತಿಳಿದಾನು. ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಕೂಡಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಯಂತ್ರವೂ ಅಂಥದೊಂದು ಸಂಘದ ಸ್ವತ್ತಾಗಲಿ; ಅದು ಬರೆದ ಉಪ್ಪಿನ ನಕಾಶೆಯನ್ನು ಊರ ಪಂಚಾಯತಿಯ ಗೋಡೆಗೆ ಹಚ್ಚಲಿ.